ಅನುಮಾನದ ಪಟ್ಟಿಯಲ್ಲಿ ಮಂಗಳಮುಖಿಯರು

2011ರಲ್ಲಿ ಮಂಗಳಮುಖಿಯರು ಎರಡು ಬಗೆಯ ಪಟ್ಟಿಗಳ ಎದುರು ನಿಲ್ಲಬೇಕಾಯಿತು. ಒಂದು ಜನಗಣತಿಯದು. ಗಂಡು, ಹೆಣ್ಣು ಎಂಬುದರ ಜೊತೆಗೆ ‘ಇತರೆ’ ಎಂದು ಬರೆಸಲು ದೇಶದಲ್ಲಿ ಮೊದಲ ಬಾರಿಗೆ ಅವಕಾಶ ದೊರೆಯಿತು. ಕರ್ನಾಟಕದಲ್ಲಿ 20,266 ಮಂದಿ ಹಾಗೆ ಲೆಕ್ಕಕ್ಕೆ ಸಿಕ್ಕರು. ಇನ್ನೊಂದು ಪೊಲೀಸರದು. ಅದೇ ವರ್ಷ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಬಾಲಕರನ್ನು ಅಪಹರಿಸುವ ಅಥವಾ ಅಂಗಹೀನಗೊಳಿಸುವ ಶಂಕೆಯಿರುವ ಹಿಜಡಾಗಳ ಹೆಸರು, ವಿಳಾಸಗಳ ಪಟ್ಟಿ ಇಡಲು ಪೊಲೀಸ್ ಕಮಿಷನರರಿಗೆ ಅದು ಅಧಿಕಾರ ನೀಡಿತು.

ಈ ಶಬ್ದಗಳು ಹೊಸವಲ್ಲ. ಅವುಗಳ ಮೂಲ 140 ವರ್ಷ ಹಿಂದಿನ ಬ್ರಿಟಿಷ್ ಕಾಯ್ದೆಯಲ್ಲಿದೆ.

ಮೊಗಲರ ಅರಮನೆಗಳಲ್ಲಿ ಖ್ವಾಜಾಸರಾಗಳು ನಂಬಿಕೆಯ ಹುದ್ದೆಗಳಲ್ಲಿದ್ದರು. ಬ್ರಿಟಿಷ್ ಅಧಿಕಾರಿಗಳಿಗಾದರೋ ಹೆಣ್ಣುಡುಗೆ ತೊಟ್ಟು ಊರೂರು ಸುತ್ತುವವರು ಅಪರಾಧಿಗಳಂತೆಯೇ ಕಂಡರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗವನ್ನು ಇವರಿಗಾಗಿಯೇ ಮೀಸಲಿಡಲಾಯಿತು. ಪಟ್ಟಿಯಲ್ಲಿ ಹೆಸರಿದ್ದವರು ಸಾರ್ವಜನಿಕವಾಗಿ ಹೆಣ್ಣಿನ ಉಡುಗೆ ತೊಟ್ಟರೆ, ಬೀದಿಯಲ್ಲಿ ಕುಣಿದರೆ ವಾರಂಟ್ ಇಲ್ಲದೆ ಬಂಧಿಸಬಹುದಿತ್ತು. ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. ಅವರು ದತ್ತು ಪಡೆಯುವಂತಿರಲಿಲ್ಲ, ಉಯಿಲು ಬರೆಯುವಂತಿರಲಿಲ್ಲ. ಅಂದರೆ ಹೊಟ್ಟೆಪಾಡು, ಉಡುಗೆ, ಆಸ್ತಿಯ ಹಕ್ಕು, ಎಲ್ಲಕ್ಕೂ ಏಕಕಾಲಕ್ಕೆ ಕತ್ತರಿ.

ಅಪಹರಣ ಯಾರು ಮಾಡಿದರೂ ಅಪರಾಧವೇ. ಅದಕ್ಕೆ 1860ರ ದಂಡಸಂಹಿತೆಯಲ್ಲೇ ಶಿಕ್ಷೆಯಿತ್ತು. ಹಾಗಿದ್ದಮೇಲೆ ಬೇರೆ ಪಟ್ಟಿ ಏಕೆ? ಉತ್ತರ ಸರಳ. ಪಟ್ಟಿ ಹಿಡಿಯಲು ಹೊರಟಿದ್ದು ಕೃತ್ಯವನ್ನಲ್ಲ, ಹುಟ್ಟುಗುಣವನ್ನು.

ಈ ಮನೋಭಾವ ಬ್ರಿಟಿಷರ ಆಡಳಿತ ಪ್ರದೇಶಕ್ಕಷ್ಟೇ ಸೀಮಿತವಾಗಲಿಲ್ಲ. 1919ರಲ್ಲಿ ಹೈದರಾಬಾದ್ ಸಂಸ್ಥಾನವೂ ಇಂತಹುದೇ ಕಾಯ್ದೆ ತಂದಿತು. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾಯಿತು. ಹೈದರಾಬಾದಿನ ಕಾಯ್ದೆ ಮಾತ್ರ ತೆಲಂಗಾಣದ ಕಾನೂನು ಪುಸ್ತಕದಲ್ಲಿ ಉಳಿದುಕೊಂಡು, 2023ರಲ್ಲಿ ಅಲ್ಲಿನ ಹೈಕೋರ್ಟು ಅದನ್ನು ಅಸಾಂವಿಧಾನಿಕ ಎಂದು ಸಾರಬೇಕಾಯಿತು.

ಕರ್ನಾಟಕದ 36ಎ ಕಲಮನ್ನೂ ಸಮುದಾಯದ ಸಂಘಟನೆ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಅಷ್ಟರಲ್ಲಿ, 2014ರ ಏಪ್ರಿಲ್ 15ರಂದು, ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. 2016ರಲ್ಲಿ ರಾಜ್ಯ ಸರ್ಕಾರ ಕಲಮನ್ನು ತಿದ್ದಿ, ಸಮುದಾಯವನ್ನು ಸೂಚಿಸುವ ಪದವನ್ನು ಕೈಬಿಟ್ಟು ‘ವ್ಯಕ್ತಿಗಳು’ ಎಂದು ಬದಲಿಸಿತು. 2018ರಲ್ಲಿ, ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವನ್ನು 377ನೇ ಕಲಮಿನ ಹಿಡಿತದಿಂದ ಸುಪ್ರೀಂ ಕೋರ್ಟು ಬಿಡಿಸಿತು.

ಎಲ್ಲ ಬಾಗಿಲುಗಳೂ ತೆರೆದವೆಂದಲ್ಲ. ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟು 2023ರಲ್ಲಿ ನಿರಾಕರಿಸಿತು. ಅದು ಶಾಸಕಾಂಗದ ಕೆಲಸ ಎಂದಿತು. ಸಮಾನ ಹಕ್ಕಿನ ಚರ್ಚೆ ಹೀಗೆ ಮುಂದುವರಿದಿದೆ.

2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಈ ಸಮುದಾಯಕ್ಕೆ ಶೇ 1ರಷ್ಟು ಮೀಸಲಾತಿ ನೀಡಿತು. ಅಂದು ಬಂಧಿಸಲೆಂದು ಹೆಸರು ಬರೆದುಕೊಳ್ಳಲು ಹೊರಟಿದ್ದ ಸರ್ಕಾರವೇ ಇಂದು ಕೆಲಸ ಕೊಡಲೆಂದು ಹೆಸರು ಕೇಳುತ್ತಿದೆ. ಆದರೆ ಒಂದೂವರೆ ಶತಮಾನದ ಅನುಮಾನ ಒಂದು ತಿದ್ದುಪಡಿಯಿಂದ ಅಳಿಸಿಹೋಗದು. ಮನೆ ಬಾಡಿಗೆಗೆ ಕೇಳಿದಾಗ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತಾಗ ಎದುರಾಗುವ ಆ ಹಳೆಯ ಪಟ್ಟಿಯನ್ನು ಯಾವ ನ್ಯಾಯಾಲಯವೂ ರದ್ದುಪಡಿಸಲಾರದು. ಅದನ್ನು ಸಮಾಜವೇ ಹರಿದುಹಾಕಬೇಕು.