ಹಲ್ಲಿನ ಎಕ್ಸ್-ರೇ ನಡೆದು ಬಂದ ದಾರಿ

ಹಲ್ಲು ನೋವೆಂದು ಕಮಲಾಪುರದಿಂದ ಕಲಬುರಗಿಗೆ ಬಸ್ಸು ಹತ್ತಿ ಬಂದವರಿಗೆ ದಂತವೈದ್ಯರು ಎಕ್ಸ್-ರೇ ತೆಗೆಯಬೇಕೆಂದರೆ ಎರಡು ಸಂಶಯಗಳು ಏಳುವುದು ಸಹಜ. ಈ ಕಿರಣದಿಂದ ಮೈಗೆ ಕೇಡಾಗದೇ? ಇದು ದುಡ್ಡು ಮಾಡುವ ಉಪಾಯವಲ್ಲವೇ? "ಕಿತ್ತಿ ಬಿಡ್ರಿ, ಫೋಟೋ ಯಾಕ ಬೇಕ್ರಿ?" ಎನ್ನುವವರೂ ಇದ್ದಾರೆ. ಇದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಈ ಭಯಕ್ಕೆ ಒಂದು ಕಾಲದಲ್ಲಿ ತಕ್ಕ ಕಾರಣವಿತ್ತು. ಅದು ಹೇಗೆ ನಿವಾರಣೆಯಾಯಿತು ಎಂಬುದನ್ನೂ ನಾವು ತಿಳಿಯಬೇಕು.

ಹಲ್ಲಿನ ವೈದ್ಯ ಬಹಳ ಹಳೆಯದು. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋವಾದಲ್ಲಿದ್ದ ಅಲ್-ಝಹ್ರಾವಿ ತನ್ನ 'ಅತ್ತಸ್ರೀಫ್' ಗ್ರಂಥದಲ್ಲಿ ಹಲ್ಲಿನ ಕಿಟ್ಟ ಕೆರೆಯುವ ಉಪಕರಣಗಳ ಚಿತ್ರಗಳನ್ನು ಕೊಟ್ಟಿದ್ದಾನೆ. ಅಲುಗಾಡುವ ಹಲ್ಲನ್ನು ಚಿನ್ನದ ತಂತಿಯಿಂದ ಬಿಗಿಯುವ ವಿಧಾನವನ್ನೂ ಹೇಳಿದ್ದಾನೆ. ಆದರೆ ವಸಡಿನ ಒಳಗೆ, ಬೇರಿನ ತುದಿಯಲ್ಲಿ ಏನಾಗಿದೆ ಎಂದು ನೋಡುವ ದಾರಿ ಆಗ ಯಾರಿಗೂ ಇರಲಿಲ್ಲ.

ಆ ದಾರಿ ತೆರೆದದ್ದು 1895ರ ನವೆಂಬರ್ 8ರಂದು. ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್ಜನ್ ಅಂದು ಎಕ್ಸ್ ಕಿರಣವನ್ನು ಕಂಡುಹಿಡಿದರು. ಮನುಕುಲಕ್ಕೆ ಸೇರಬೇಕಾದದ್ದೆಂದು ಅದರ ಪೇಟೆಂಟ್ ಪಡೆಯಲಿಲ್ಲ. ಸುದ್ದಿ ಹರಡಿದ ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಬ್ರೌನ್‌ಶ್ವೈಗ್‌ನ ದಂತವೈದ್ಯ ಆಟೋ ವಾಕ್‌ಹಾಫ್ ತನ್ನ ಬಾಯಲ್ಲೇ ಫಲಕ ಇಟ್ಟುಕೊಂಡು 25 ನಿಮಿಷ ಕಿರಣಕ್ಕೆ ಮುಖವೊಡ್ಡಿದ. ಇಂದು ಅದಕ್ಕೆ ಒಂದು ಸೆಕೆಂಡೂ ಬೇಡ.

ಈ ಕಿರಣ ಸುಡುತ್ತದೆ ಎಂಬುದು ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್ ಯಂತ್ರ ಸರಿಹೊಂದಿಸಲು ಪ್ರತಿ ಸಲವೂ ತನ್ನ ಕೈಯನ್ನೇ ಕಿರಣಕ್ಕೆ ಹಿಡಿಯುತ್ತಿದ್ದ. ಆ ಕೈಗೆ ಕ್ಯಾನ್ಸರ್ ತಗುಲಿತು. ಮೊದಲು ಬೆರಳುಗಳು, ಕೊನೆಗೆ ತೋಳೇ ಹೋಯಿತು. ನೋವು ತಾಳಲಾಗದೆ 1928ರಲ್ಲಿ ಆತ ಪ್ರಾಣ ಕಳೆದುಕೊಂಡ. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರೋಲಿನ್ಸ್ 1901ರಲ್ಲೇ ಗಿನಿಯಿಲಿಗಳು ಈ ಕಿರಣದಿಂದ ಸಾಯುವುದನ್ನು ತೋರಿಸಿ, ಕೊಳವೆಗೆ ಸೀಸದ ಕವಚ ಹಾಕಿ, ಬೇಕಾದ ಜಾಗಕ್ಕಷ್ಟೇ ಕಿರಣ ಬಿಡಿ ಎಂದಿದ್ದ. ಆಗ ಕಿವಿಗೊಟ್ಟವರು ಕಡಿಮೆ. ಇಂದಿನ ಸುರಕ್ಷತಾ ನಿಯಮಗಳಲ್ಲಿ ಆತನ ಮಾತುಗಳೇ ಇವೆ.

ನಮ್ಮ ದೇಶದಲ್ಲಿ ಆಧುನಿಕ ದಂತವೈದ್ಯ ಶಿಕ್ಷಣಕ್ಕೆ ಅಡಿಪಾಯ ಹಾಕಿದವರು ಡಾ. ರಫೀಉದ್ದೀನ್ ಅಹ್ಮದ್. ಅಮೆರಿಕದಲ್ಲಿ ಕಲಿತು ಬಂದ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1964ರಲ್ಲಿ ಪದ್ಮಭೂಷಣ ಪಡೆದ ಈ ಮಹನೀಯರ ಹೆಸರು ನಮ್ಮವರಲ್ಲೇ ಹಲವರಿಗೆ ತಿಳಿಯದು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಇಂಥ ಸೌಲಭ್ಯಕ್ಕೆ ಬಹಳ ಕಾಲ ಕಾಯಬೇಕಾಯಿತು. ಇಂದು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ದಂತ ಕಾಲೇಜು, ಅಲ್-ಬದರ್ ದಂತ ಕಾಲೇಜು ನಗರದಲ್ಲೇ ಇವೆ. ಆದರೂ ಕಮಲಾಪುರದ ಕೂಲಿಕಾರನಿಗೆ ಇಲ್ಲಿಗೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಆದ್ದರಿಂದಲೇ ಉಳಿಸಬಹುದಾದ ಹಲ್ಲನ್ನೂ ಕೀಳಿಸಿಕೊಂಡು ಹೋಗುವ ರೂಢಿ ನಿಂತಿಲ್ಲ.

ಹಾಗಾದರೆ ಇಂದು ಅಪಾಯ ಎಷ್ಟು? ಮಣ್ಣು, ಗಾಳಿ, ಆಹಾರ ಮತ್ತು ಆಕಾಶದಿಂದ ಪ್ರತಿ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ವಿಕಿರಣ ತಗಲುತ್ತದೆ. ಬಾಯಲ್ಲಿಟ್ಟು ತೆಗೆಯುವ ಸಣ್ಣ ಡಿಜಿಟಲ್ ಎಕ್ಸ್-ರೇಯಿಂದ ತಗಲುವುದು ಸುಮಾರು 5. ಅಂದರೆ ಒಂದು ದಿನ ಭೂಮಿಯ ಮೇಲೆ ಬದುಕಿದಷ್ಟು. ಇಡೀ ದವಡೆಯ ಚಿತ್ರಕ್ಕೆ ಇದಕ್ಕಿಂತ ಕೆಲವು ಪಟ್ಟು ಹೆಚ್ಚು. ಮೂರು ಆಯಾಮದ ಸ್ಕ್ಯಾನಿಗೆ ಇನ್ನೂ ಹೆಚ್ಚು. ಆದ್ದರಿಂದ ಅಪಾಯ ಅತ್ಯಲ್ಪ, ಆದರೆ ಶೂನ್ಯವೆಂದು ಹೇಳುವಂತಿಲ್ಲ. ಕಾರಣವಿಲ್ಲದೆ ಒಂದೂ ಬೇಡ ಎಂಬುದೇ ನಿಯಮ.

ಪ್ರಯೋಜನವೋ ದೊಡ್ಡದು. ಎರಡು ಹಲ್ಲುಗಳ ಸಂದಿಯ ಹುಳುಕು, ಬೇರಿನ ತುದಿಯ ಕೀವು, ಅಡ್ಡ ಬೆಳೆದ ಬುದ್ಧಿಹಲ್ಲು, ಸವೆಯುತ್ತಿರುವ ದವಡೆಮೂಳೆ ಇವು ಬರಿಗಣ್ಣಿಗೆ ಕಾಣುವುದಿಲ್ಲ. ಗುಟ್ಕಾ, ತಂಬಾಕಿನ ಚಟ ಇರುವಲ್ಲಿ ಬಾಯಿಯ ಕ್ಯಾನ್ಸರ್ ಮೂಳೆಗೆ ಇಳಿದಿದೆಯೇ ಎಂದು ತಿಳಿಯಲೂ ಚಿತ್ರಗಳು ಬೇಕು.

ಭಾರತದಲ್ಲಿ ಎಕ್ಸ್-ರೇ ಯಂತ್ರಗಳ ಮೇಲ್ವಿಚಾರಣೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ರೋಗಿಗೂ ತನ್ನ ಹಕ್ಕಿದೆ. ಈ ಚಿತ್ರ ಯಾಕೆ, ಹಳೆಯ ಚಿತ್ರ ಸಾಲದೇ ಎಂದು ಕೇಳಬೇಕು. ತೆಗೆದ ಚಿತ್ರವನ್ನು ಜೋಪಾನವಾಗಿಡಬೇಕು. ಗರ್ಭಿಣಿಯರು ಮೊದಲೇ ತಿಳಿಸಬೇಕು. ಅಗತ್ಯವಿದ್ದರೆ ಅವರಿಗೂ ತೆಗೆಯಬಹುದು.

ಮಿಸ್ವಾಕನ್ನು ಅಷ್ಟು ಒತ್ತಿ ಹೇಳಿದ ಪ್ರವಾದಿ(ಸ)ಯವರ ಅನುಯಾಯಿಗಳಾದ ನಮಗೆ ಬಾಯಿಯ ಸ್ವಚ್ಛತೆ ಹೊಸ ಪಾಠವಲ್ಲ. ದೇಹ ಅಲ್ಲಾಹನು ಕೊಟ್ಟ ಅಮಾನತ್ತು. ಭಯದಿಂದ ಹಲ್ಲು ಕಳೆದುಕೊಳ್ಳುವುದೂ, ಲಾಭಕ್ಕಾಗಿ ಬೇಡದ ಚಿತ್ರ ತೆಗೆಯುವುದೂ ಆ ಅಮಾನತ್ತಿಗೆ ಬಗೆಯುವ ದ್ರೋಹವೇ ಸರಿ.