ಕನ್ನಡ ನುಡಿದ ಮೊದಲ ಬೆಳ್ಳಿತೆರೆ

ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿ ದೊಡ್ಡಣ್ಣ ಹಾಲ್ ಎಂಬ ನಾಟಕಮಂದಿರವಿತ್ತು. ಅದೇ ಮುಂದೆ ಪ್ಯಾರಾಮೌಂಟ್ ಟಾಕೀಸ್ ಆಯಿತು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ೧೯೩೪ನೆಯ ಇಸವಿ ಮಾರ್ಚ್ ೩ರಂದು ತೆರೆಕಂಡದ್ದು ಅಲ್ಲಿಯೇ. ನಿರ್ದೇಶಕರು ವೈ. ವಿ. ರಾವ್. ಸುಲೋಚನೆಯಾಗಿ ತ್ರಿಪುರಾಂಬ, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ನಾಗೇಂದ್ರರಾಯರು.

ಆದರೆ ಅವರು ಆ ಮಾತುಗಳನ್ನಾಡಿದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ! ಬೆಂಗಳೂರಿನಲ್ಲಿ ಆಗ ಟಾಕಿ ತೆಗೆಯುವ ಸ್ಟುಡಿಯೋ ಎಲ್ಲಿತ್ತು? ಮರಾಠಿ ನೆಲದಲ್ಲಿದ್ದು ಮನೆಯಲ್ಲಿ ಕನ್ನಡವಾಡುವ ನಮಗೆ ಈ ಸಂಗತಿ ತುಸು ಹೆಚ್ಚೇ ಹಿತವೆನಿಸೀತು.

ಈಗ ಆ ಟಾಕೀಸೂ ಇಲ್ಲ, ಚಿತ್ರದ ಪ್ರತಿಯೂ ಉಳಿದಿಲ್ಲ. ನಿಮ್ಮ ಅಜ್ಜಿಯ ಟ್ರಂಕಿನ ತಳದಲ್ಲಿ ಅದರ ಹಾಡಿನ ಪುಸ್ತಕವೋ ಟಿಕೆಟಿನ ಚೂರೋ ಕಂಡರೆ ರದ್ದಿಗೆ ಹಾಕಬೇಡಿರಿ, ಸಂಘಕ್ಕೆ ತಿಳಿಸಿರಿ.