ತಪ್ಪು ಗಣಕದ್ದೋ, ಜಾಲದ್ದೋ?

ತಂತ್ರಾಂಶ ಒಂದೇ, ಪರೀಕ್ಷೆಯೂ ಒಂದೇ. ಲಿನಕ್ಸ್ ಗಣಕದಲ್ಲಿ ಪಾಸು, ವಿಂಡೋಸ್‌ನಲ್ಲಿ ನಪಾಸು. ಮರುದಿನ ಓಡಿಸಿದರೆ ಎರಡರಲ್ಲೂ ಪಾಸು! ಜಾಲವನ್ನು ಅವಲಂಬಿಸಿದ ತಂತ್ರಾಂಶಗಳನ್ನು ಪರೀಕ್ಷಿಸುವವರಿಗೆ ಇದು ನಿತ್ಯದ ತಲೆನೋವು. ದೋಷವಿರುವುದು ತಂತ್ರಾಂಶದಲ್ಲೋ, ಕಾರ್ಯಾಚರಣ ವ್ಯವಸ್ಥೆಯಲ್ಲೋ, ನಡುವಿನ ಹಾದಿಯಲ್ಲೋ? ಈ ಪ್ರಶ್ನೆ ಅಂತರಜಾಲದಷ್ಟೇ ಹಳೆಯದು.

1970ರ ದಶಕದ ಕೊನೆಯಲ್ಲಿ ಟಿಸಿಪಿ ಎಂಬ ಸಂವಹನ ನಿಯಮಾವಳಿ ಇನ್ನೂ ರೂಪುಗೊಳ್ಳುತ್ತಿತ್ತು. ಬೇರೆ ಬೇರೆ ತಂಡಗಳು ತಮ್ಮ ಗಣಕಗಳಿಗೆ ಅದನ್ನು ತಾವೇ ಬರೆದುಕೊಂಡಿದ್ದವು. ಯಾರದು ಸರಿ ಎಂದು ತಿಳಿಯಲು ಇನ್ನೊಬ್ಬರ ಗಣಕದೊಡನೆ ಮಾತಾಡಿಸಿ ನೋಡುವುದೊಂದೇ ದಾರಿ. 1979ರ ಜನವರಿ 27 ಮತ್ತು 28ರಂದು ಕ್ಯಾಲಿಫೋರ್ನಿಯದ ಮರೀನಾ ಡೆಲ್ ರೇಯಲ್ಲಿ ಇಂಥ ಆರು ರೂಪಗಳನ್ನು ಒಟ್ಟಿಗೆ ಪರೀಕ್ಷಿಸಲಾಯಿತು. ಅಡುಗೆ ಸ್ಪರ್ಧೆಯ ಹೆಸರನ್ನೇ ಎರವಲು ಪಡೆದು ಇದನ್ನು ‘ಬೇಕ್ ಆಫ್’ ಎಂದು ಕರೆದರು. ಪರೀಕ್ಷೆ ಕೈಕೊಟ್ಟಾಗ ತಂತ್ರಾಂಶವನ್ನು ತಿದ್ದುವಷ್ಟೇ ಸಲೀಸಾಗಿ ನಿಯಮಾವಳಿಯನ್ನೂ ತಿದ್ದುತ್ತಿದ್ದ ಕಾಲವದು.

ಈ ಸ್ಪರ್ಧೆಯ ಅಂಕಪಟ್ಟಿಯನ್ನು ಜಾನ್ ಪೋಸ್ಟೆಲ್ 1987ರಲ್ಲಿ ಪ್ರಕಟಿಸಿದರು. ಗಣಕ ತನ್ನೊಡನೆ ತಾನೇ ಸಂಪರ್ಕ ಸಾಧಿಸಿದರೆ 1 ಅಂಕ. ಕುಸಿಯದೆ ಸಂಭಾಷಣೆ ಮುಗಿಸಿದರೆ ಇನ್ನೊಂದು. ಟಿಸಿಪಿಯನ್ನು ಹೊಸದಾಗಿ ಆರಂಭಿಸದೆ ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಿದರೆ 2. ಪರೀಕ್ಷಾ ಗೇಟ್‌ವೇ ಮೂಲಕ ಪೂರ್ಣ ಸಂಭಾಷಣೆ ನಡೆಸಿದರೆ 5. ಒಮ್ಮೆ ಗೆದ್ದದ್ದು ಎರಡನೆಯ ಬಾರಿ ಸೋಲಬಹುದು, ತನ್ನ ಮನೆಯಲ್ಲಿ ಗೆದ್ದದ್ದು ಹೊರಗೆ ಸೋಲಬಹುದು ಎಂಬ ಅನುಭವ ಈ ಅಂಕಗಳಲ್ಲೇ ಇದೆಯೆಂದು ನನಗನ್ನಿಸುತ್ತದೆ.

1990ರ ದಶಕದಲ್ಲಿ ವರ್ನ್ ಪ್ಯಾಕ್ಸನ್ ಈ ಪತ್ತೇದಾರಿಯನ್ನು ಶಾಸ್ತ್ರೀಯವಾಗಿ ನಡೆಸಿದರು. 35 ತಾಣಗಳ ನಡುವಿನ ಸುಮಾರು 20,000 ಸಂಪರ್ಕಗಳಲ್ಲಿ ಹಾದ ಪ್ಯಾಕೆಟ್ಟುಗಳನ್ನು ಎರಡೂ ತುದಿಗಳಲ್ಲಿ ದಾಖಲಿಸಿದರು. ಒಂದೇ ತುದಿಯ ದಾಖಲೆಯಿದ್ದರೆ ಪ್ಯಾಕೆಟ್ಟು ದಾರಿಯಲ್ಲಿ ಕಳೆದುಹೋಯಿತೋ, ತಲುಪಿಯೂ ಉತ್ತರ ಬರಲಿಲ್ಲವೋ ತಿಳಿಯದು. ಆಗಿನ ಸೊಲಾರಿಸ್ ಆವೃತ್ತಿಗಳು ಉತ್ತರಕ್ಕಾಗಿ ಕಾಯುವ ಆರಂಭಿಕ ಅವಧಿ ತೀರಾ ಚಿಕ್ಕದೆಂದು ಇದರಿಂದ ಕಂಡುಬಂದಿತು. ಪಕ್ಕದ ಕೊಠಡಿಯ ಗಣಕದೊಡನೆ ತೊಂದರೆಯಿಲ್ಲ. ಖಂಡಾಂತರ ಹಾದಿಯಲ್ಲಾದರೋ ಉತ್ತರ ಬರುವ ಮೊದಲೇ ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸಿಬಿಡುತ್ತಿತ್ತು. ಪ್ರಯೋಗಾಲಯದ ಪರೀಕ್ಷೆಗೆ ಇದು ಸಿಗುವುದು ಹೇಗೆ?

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ದಾಖಲಿಸುವ ಸಾಧನವೂ ಕೆಲವೊಮ್ಮೆ ಪ್ಯಾಕೆಟ್ಟುಗಳನ್ನು ಬಿಟ್ಟುಬಿಡುತ್ತಿತ್ತು, ಕ್ರಮ ತಪ್ಪಿಸುತ್ತಿತ್ತು. ಗಣಕದ ಗಡಿಯಾರವನ್ನು ನಡುವೆ ಸರಿಪಡಿಸಿದಾಗ ಕಾಲ ಹಿಂದಕ್ಕೆ ಓಡಿದಂತೆಯೂ ಕಾಣುತ್ತಿತ್ತು! ಹಾಗಾಗಿ ಪ್ಯಾಕ್ಸನ್ನರ ‘ಟಿಸಿಪಿಅನಲಿ’ ತಂತ್ರಾಂಶ ಅಳತೆಯಲ್ಲಿನ ದೋಷವನ್ನೂ ಹುಡುಕುತ್ತಿತ್ತು. ಈ ಕೆಲಸ 1997ರಲ್ಲಿ ಪ್ರಕಟವಾಯಿತು. ಟಿಸಿಪಿ ರೂಪಗಳಲ್ಲಿ ತಿಳಿದುಬಂದ ದೋಷಗಳ ಪಟ್ಟಿಯೊಂದು 1999ರಲ್ಲಿ ಹೊರಬಂತು.

ಎಲ್ಲ ವ್ಯತ್ಯಾಸವೂ ದೋಷವಲ್ಲ. ಯಾರೂ ಆಲಿಸದ ಪೋರ್ಟಿಗೆ ಕರೆ ಮಾಡಿದಾಗ ನಿರಾಕರಣೆ ಬಂದೊಡನೆ ಲಿನಕ್ಸ್ ಸೋಲನ್ನು ವರದಿ ಮಾಡುತ್ತದೆ. ವಿಂಡೋಸ್ ಮಾತ್ರ ತುಸು ಬಿಟ್ಟು ಮತ್ತೆ ಯತ್ನಿಸಿ, ಆಮೇಲೆ ಸೋಲೊಪ್ಪುತ್ತದೆ. ಅರ್ಧ ಸೆಕೆಂಡಿನ ಗಡುವಿಟ್ಟ ಪರೀಕ್ಷೆ ಅಲ್ಲಿ ನಪಾಸಾಗಲು ಇಷ್ಟು ಸಾಕು. ಪ್ಯಾಕೆಟ್ಟುಗಳ ದಾಖಲೆ ತೆರೆದರೆ ಅದೇ ಕರೆ ಮತ್ತೆ ಮತ್ತೆ ಹೋಗಿರುವುದು, ಪ್ರತಿ ಬಾರಿಯೂ ನಿರಾಕರಣೆ ಬಂದಿರುವುದು ಕಾಣುತ್ತದೆ. ಅಲ್ಲಿ ತಿದ್ದಬೇಕಾದದ್ದು ಪರೀಕ್ಷೆಯ ಗಡುವನ್ನು.